ಮೂರನೇ ಖಾನೆ

ಬೀರುವಿನ ಮೂರನೇ ಖಾನೆ ತೆಗೆದರೆ
ಮೊದಲು ನುಸಿಗುಳಿಗೆ, ಆಮೇಲೆ ಅವರೆಕಾಯಿ ಸೊಗಡು,
ಆಮೇಲೆ ನಾನು.

ಅಣ್ಣನ ಮಗಳು ಇಂಚರ ಬಂದಿದ್ದಾಳೆ,
ಕೈಯಲ್ಲಿ ಅಕ್ಕಿಮೂಟೆಯ ಖಾಲಿ ಚೀಲ.
‘ಬೆಂಗಳೂರಲ್ಲಿ ಚಳಿ ಎಲ್ಲಿದೆ ಅತ್ತೆ ಈಗ?
ಹಾಕ್ಕೊಳ್ಳದ್ದನ್ನೆಲ್ಲ ಯಾರಿಗಾದ್ರೂ ಕೊಟ್ಬಿಡೋಣ.’
ಸರಿ, ಹಿಡಿ ಚೀಲ, ಅಂದೆ.

ಇದು ಕೆಂಪು. ಕೆಂಪಲ್ಲ,
ಬೇಯಿಸಿದ ಬೀಟ್‌ರೂಟಿನ ಬಣ್ಣ.
ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಟಿಬೆಟಿನ ಹೆಂಗಸು
ನಾನೂರು ಅಂದಳು, ನಾನು ನೂರೈವತ್ತು ಅಂದೆ.
ಅವಳು ನಕ್ಕು ಥರ್ಮಾಸಿನಿಂದ ಉಪ್ಪು ಹಾಕಿದ ಚಹಾ ಬಗ್ಗಿಸಿಕೊಟ್ಟಳು.
ಕುಡಿದು ಮುಗಿಸುವಷ್ಟರಲ್ಲಿ
ನಾನೂರಕ್ಕೇ ಕೊಂಡಿದ್ದೆ.
ಪ್ರತಿ ಜನವರಿ ಇದನ್ನು ತೊಟ್ಟೇ
ಮೆಟ್ಟಿಲ ಮೇಲೆ ಕೂತು ಅವರೆ ಸುಲಿದದ್ದು, ಹಿತುಕಿದ್ದು.
ಮೂವತ್ತು ವರ್ಷ, ಒಂದು ಗುಂಡಿ ಉದುರಿಲ್ಲ.
ಉಪ್ಪಿನ ಋಣ. ಪಕ್ಕಕ್ಕಿಡು.

ಈ ಹಸಿರು ಎರಡು ಸಲ ಹೆಣೆದದ್ದು.
ಮೊದಲು ನಿಮ್ಮಪ್ಪನದು, ಸ್ಕೂಲಿನದು.
ಅವನ ಮೊಣಕೈ ಹೊರಗಿಣುಕಿದ ಮೇಲೆ
ಕಾಕ್ಸ್‌ಟೌನಿನ ಫಿಲೋಮಿನಾ ಆಂಟಿ
ಒಂದು ಎಳೆ ಹಿಡಿದು ಎಳೆದರು ನೋಡು,
ತೋಳು, ಎದೆ, ಕತ್ತು
ಎಲ್ಲ ನೂಲಾಯಿತು ಅರ್ಧ ಗಂಟೆಯಲ್ಲಿ.
ನಾನು ಹೋ ಎಂದು ಅತ್ತಿದ್ದೆ,
ಅಣ್ಣನನ್ನೇ ಬಿಚ್ಚುತ್ತಿದ್ದಾರೆಂದು.
ಬಿಚ್ಚಿದ ಉಣ್ಣೆ ನೆಟ್ಟಗಿರುವುದಿಲ್ಲ, ಕೇಳು.
ಗುಂಗುರು ಗುಂಗುರು,
ಹಳೆಯ ಹೆಣಿಗೆಯ ಒಂದೊಂದು ಕುಣಿಕೆಯನ್ನೂ ನೆನಪಿಟ್ಟುಕೊಂಡು.
ಕುದಿಯುವ ನೀರಿನ ಆವಿಗೆ ಹಿಡಿಯಬೇಕು,
ಮರೆಯುವ ತನಕ.
ಆಂಟಿಗೆ ಆವತ್ತು ಚರ್ಚಿಗೆ ಹೊತ್ತಾಗಿತ್ತು.
ಪೂರ್ತಿ ಹಿಡಿಯಲಿಲ್ಲ.
ಅದಕ್ಕೇ ಎಡಭುಜ ಇವತ್ತಿಗೂ
ಸ್ವಲ್ಪ ನಿಮ್ಮಪ್ಪನ ಹಾಗೆ ಜಗ್ಗುತ್ತದೆ.
ನನಗೆ ಹಿಡಿಸದು, ಗೊತ್ತು. ಆದರೂ.

ಬೂದು ಬಣ್ಣದ್ದು ಗಂಡಸರದ್ದು. ಹೌದು.
ಹಾಗೆ ಕಣ್ಣರಳಿಸಬೇಡ.
ರಕ್ತನಿಧಿಯ ರಾತ್ರಿಪಾಳಿ. ಹೊರಗೆ ಏಪ್ರಿಲ್ಲು,
ಒಳಗೆ ಶೀತಕೋಣೆಯಲ್ಲಿ ನಾಲ್ಕು ಡಿಗ್ರಿ.
ಪೊಟ್ಟಣಗಳ ಚೀಟಿ ಓದಿ ಓದಿ ನನ್ನ ಹಲ್ಲು ಕಟಕಟ.
ಜಬೀವುಲ್ಲಾ ಮಾತಾಡದೆ ತನ್ನದನ್ನು ಕಳಚಿ
ಸ್ಟೂಲಿನ ಮೇಲಿಟ್ಟು ಹೋದ.
ಇನ್ನೊಬ್ಬರ ಬಿಸಿ ಇನ್ನೂ ಆರದ ತೋಳಿನೊಳಗೆ
ಕೈ ತೂರಿಸುವುದೆಂದರೆ...
ಇರಲಿ.
ಒಗೆದು ಕೊಡ್ತೀನಿ, ಅಂದೆ ಬೆಳಗ್ಗೆ.
ಇಪ್ಪತ್ತೆರಡು ವರ್ಷವಾಯಿತು. ಇನ್ನೂ ಒಗೆದಿಲ್ಲ.

ಆಗಾಗ ರಸೆಲ್ ಮಾರ್ಕೆಟ್ಟಿನಲ್ಲಿ ಸಿಗುತ್ತಾನೆ,
ಹೆಂಡತಿಯ ಜೊತೆ, ಕೈಯಲ್ಲಿ ಪುದೀನದ ಕಟ್ಟು.
‘ಮೇಡಂ, ನಮ್ಮ ಸ್ವೆಟರು?’
‘ನುಸಿ ತಿಂದುಬಿಡ್ತು ಭಾಯ್.’
‘ಎಂಥಾ ಹೊಟ್ಟೆಬಾಕ ನುಸಿ!’ ಅವನ ಹೆಂಡತಿ ನಗುತ್ತಾಳೆ,
ನಗುತ್ತಲೇ ಒಂದು ಗಳಿಗೆ
ನನ್ನನ್ನು ನೋಡುತ್ತಾಳೆ.

ಚೀಲಕ್ಕೆ ಹೋದದ್ದು ಕೊನೆಗೆ ಒಂದೇ.
ನಿವೃತ್ತಿಯ ದಿನ ಎಲ್ಲರೂ ದುಡ್ಡು ಸೇರಿಸಿ ಕೊಟ್ಟ
ದುಬಾರಿ ನೀಲಿ, ಬೆಲೆಚೀಟಿ ಕೂಡ ಹರಿದಿಲ್ಲ.
ಯಾರ ವಾಸನೆಯೂ ಇಲ್ಲ ಅದಕ್ಕೆ, ಪಾಪ.
ಹೋಗಲಿ, ಮುಂಜಾನೆ ನಾಲ್ಕಕ್ಕೆ ಹಾಲಿನ ಕ್ರೇಟು ಇಳಿಸುವ
ಯಾರನ್ನಾದರೂ ಹಿಡಿಯಲಿ.

‘ಇಷ್ಟೇನಾ?’ ಇಂಚರ ಎದ್ದಳು.
ಅವಳ ವಾಚಿನ ಪಟ್ಟಿಗೆ ಹಸಿರು ಎಳೆಯೊಂದು ಸಿಕ್ಕಿಕೊಂಡು
ಎಡಭುಜದಿಂದ ಬಾಗಿಲವರೆಗೂ ಬಂದಿತ್ತು.

ಎಳೀಬೇಡ, ಅಂದೆ. ನಿಂತಲ್ಲೇ ನಿಂತ್ಕೋ.
ಕತ್ತರಿ ತರುತ್ತೇನೆಂದು ಒಳಗೆ ಹೋಗಿ
ಸುಮ್ಮನೆ ನಿಂತಿದ್ದೆ ಸ್ವಲ್ಪ ಹೊತ್ತು,
ಹುಡುಕಲಿಲ್ಲ.