ಬಗ್ಗಿ ನೋಡಿ ಬರೆದದ್ದು

ಬೈತಖೋಲದ ಧಕ್ಕೆಯ ಕೊನೆಗೆ, ನೀರಿಗಿಳಿದ ಗೋಡೆಯಲ್ಲಿ
ಕಪ್ಪು ಬಿಳಿ ಪಟ್ಟಿಯ ಅಳತೆಗೋಲು.
ತಾಸಿಗೊಮ್ಮೆ ಬಗ್ಗಿ ನೋಡುತ್ತೇನೆ, ಬರೆಯುತ್ತೇನೆ.
ಹತ್ತೊಂಬತ್ತು ವರ್ಷದ ನೌಕರಿ ಇಷ್ಟೇ:
ಸಮುದ್ರ ಎಲ್ಲಿಯವರೆಗೆ ಬಂತು, ಎಷ್ಟು ಹೊತ್ತಿಗೆ.

ಇನಾಸ ಬಾರೆತ್ತೊ ತೀರಿಕೊಂಡ ಮೇಲೆ ಅವನ ತಂಗಿ
ಬಿಸ್ಕೀಟಿನ ಡಬ್ಬಿ ತಂದುಕೊಟ್ಟಳು.
'ನಿನಗೇ ಕೊಡು ಅಂದಿದ್ದ. ನೀನು ಅಂಕಿ ಬರೆಯುವವಳಲ್ಲವಾ.'
ಒಳಗೆ ಚೌಕ ತೂತಿನ ಮೂರು ಹಿತ್ತಾಳೆ ನಾಣ್ಯ,
ಎಂಜಿನ್ ಎಣ್ಣೆಯ ಬೆರಳಚ್ಚು ಬಿದ್ದ ನೋಟುಬುಕ್ಕು.
ಹಡಗಿನ ಹೊಟ್ಟೆಯಲ್ಲಿ ಆಯ್ಲರ್ ಆಗಿದ್ದಷ್ಟು ವರ್ಷ
ರಾತ್ರಿಪಾಳಿ ಮುಗಿಸಿ ನಾಣ್ಯ ಎಸೆದಿದ್ದಾನೆ,
ಚೀನಾದ ಹಳಬರು ಆಮೆಚಿಪ್ಪು ಸುಟ್ಟು, ಕಡ್ಡಿ ಎಣಿಸಿ,
ಕೊನೆಗೆ ಚಿಲ್ಲರೆ ಎಸೆದು ಕೇಳಿದ ಹಾಗೆ.
ಆರು ಗೆರೆ. ಕೆಲವು ಅಖಂಡ, ಕೆಲವು ನಡುವೆ ಮುರಿದವು.
ಕೆಳಗಿನಿಂದ ಮೇಲಕ್ಕೆ ಓದಬೇಕು,
ನನ್ನ ಅಳತೆಗೋಲಿನ ಹಾಗೇ.

ತಾರೀಕಿದೆ, ಬಂದರಿನ ಹೆಸರಿದೆ: ಬುಸಾನ್, ಡರ್ಬನ್, ಸಾಂತೋಸ್.
ಪ್ರಶ್ನೆ ಮಾತ್ರ ಒಂದೂ ಇಲ್ಲ.

ದ್ರೌಪದಾ ಮಾವಶಿ ಅಂದಳು: 'ನಮ್ಮ ದೇವಿಗೆ ಎರಡೇ ಮಾತು.
ಎಸಳು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ.
ಅರವತ್ನಾಲ್ಕು ಉತ್ತರ ಇಟ್ಟುಕೊಂಡವನಿಗೆ
ಕೇಳಿದ್ದೇನೆಂದು ನೆನಪಿರುವುದು ಹೇಗೆ?'

ನಿದ್ದೆಮಾತ್ರೆಗೆಂದು ತಿಂಗಳಿಗೊಮ್ಮೆ ಹೋಗುತ್ತೇನಲ್ಲ,
ಮನಸ್ಸಿನ ಡಾಕ್ಟರು ಮಂಗೇಶ ಬಾಳಗಿ,
ಅವರು ಹಾಳೆ ತಿರುವಿದರು. 'ನಾಣ್ಯಕ್ಕೇನು ಗೊತ್ತಿರುತ್ತದೆ.
ಆದರೆ ಅದು ಬಿದ್ದ ಗಳಿಗೆಯೂ ಎಸೆದವನ ಎದೆಯ ಗಳಿಗೆಯೂ ಒಂದೇ.
ಕಾರಣವಿಲ್ಲದೆ ಎರಡು ಸಂಗತಿ ಅಕ್ಕಪಕ್ಕ ಬಂದು ನಿಂತರೆ
ಮನಸ್ಸು ಅವಕ್ಕೆ ಮದುವೆ ಮಾಡಿಸುತ್ತದೆ.
ಇಲ್ಲಿ ನಿನಗೆ ಯಾವ ಪ್ರಶ್ನೆ ಕಂಡರೂ
ಅದು ಇನಾಸನದ್ದಲ್ಲ ಅಂತ ತಿಳಿ.'
ಮಾತ್ರೆ ಅದೇ ಬರೆದರು.

ಬಿಣಗಾದ ಫಿಲುಮೆನಾ, ಗೋವೆಯಲ್ಲಿ ಜರ್ಮನ್ ಮುದುಕಿಯಿಂದ
ಕಾರ್ಡು ಕಲಿತವಳು, ಚಂದ್ರನ ಎಲೆ ತೆಗೆದಿಟ್ಟಳು:
ಎರಡು ಗೋಪುರ, ಬೊಗಳುವ ನಾಯಿ,
ಕೊಳದಿಂದ ಮೇಲೇರುವ ಏಡಿಯಂಥದ್ದು.
'ಅವರ ರಸವಾದಿಗಳು ಹುಡುಕಿದ್ದೂ ಇದನ್ನೇ, ಬಾಯಿ.
ಸೀಸದೊಳಗಿನ ಚಿನ್ನ ಅಲ್ಲ, ಕೆಸರೊಳಗಿನ ಏಡಿ.
ಅರ್ಧ ಹೊರಬಂದಾಗ ಅದನ್ನು ಹೆಸರು ಹಿಡಿದು ಕರೆಯಬಾರದು.'
ಏಡಿಯ ಮಾತು ಬಂದದ್ದೇ ಇಬ್ಬರಿಗೂ ಹಸಿವಾಯಿತು.

ಆಮೇಲೊಂದು ಪಾಳಿಯಲ್ಲಿ,
ಕೂರ್ಮಗಡ ಕತ್ತಲಿಗೆ ಬೆನ್ನು ಕೊಟ್ಟು ಬೋರಲಾಗಿದ್ದಾಗ,
ಅವನ ತಾರೀಕುಗಳನ್ನು ನನ್ನ ರಿಜಿಸ್ಟರಿನ ಪಕ್ಕ ಇಟ್ಟೆ.
ಆರು, ಒಂಬತ್ತು ಬಂದ ಗೆರೆಗೆ ಅವನು ಚುಕ್ಕೆ ಇಡುತ್ತಿದ್ದ:
ತುಂಬಿದ ಗೆರೆ ನಿಲ್ಲಲಾರದು, ತನ್ನ ಎದುರಿಗೆ ಹೊರಳುತ್ತದೆ.
ಉಬ್ಬರದ ತುದಿಯಲ್ಲಿ ದೋಣಿಯ ಹಗ್ಗ
ಒಂದು ಗಳಿಗೆ ಸಡಿಲವಾಗುವುದನ್ನು ನಾನೂ ಕಂಡಿದ್ದೇನೆ.

ಹನ್ನೊಂದು ವರ್ಷದ ಹಿಂದೆ, ಆಗಸ್ಟು, ಹುಣ್ಣಿಮೆ.
ಆ ರಾತ್ರಿ ನಾನು ಧಕ್ಕೆಗೆ ಹೋಗಲಿಲ್ಲ.
ಮೇಜಿಗೆ ತಲೆಯಿಟ್ಟು ಅತ್ತೆ. ಯಾಕೆಂಬುದು ಇಲ್ಲಿ ಬೇಡ.
ಬೆಳಗಾಗುವಾಗ ಆರು ಅಂಕಿ ತೋಚಿದಂತೆ ತುಂಬಿದೆ.
ಇಂದಿಗೂ ಯಾರೂ ಹಿಡಿದಿಲ್ಲ.

ಅವನ ಪುಟದಲ್ಲಿ ಅದೇ ತಾರೀಕು, ಸಾಂತೋಸ್.
ನೀರಿನ ಮೇಲೆ ನೀರು:
ಮುರಿದದ್ದು, ಅಖಂಡ, ಮುರಿದದ್ದು, ಮತ್ತೆ ಹಾಗೇ.
ಬೇರೆ ಪುಟಗಳಲ್ಲಿ ಗೆರೆಗೆರೆಯ ನಡುವೆ
ಪೆನ್ನು ಕಾಯ್ದ ಗುರುತಿದೆ, ಶಾಯಿ ಗಂಟುಕಟ್ಟಿದೆ.
ಇಲ್ಲಿ ಆರೂ ಒಂದೇ ಉಸಿರಿಗೆ.
ಚುಕ್ಕೆ ಇಲ್ಲ.
ನಾಣ್ಯ ಎಸೆದೇ ಇಲ್ಲ ಅವನು.

ಅಷ್ಟು ನೀರಿನ ಆಚೆಗೊಬ್ಬ, ಈಚೆಗೊಬ್ಬಳು
ಒಂದೇ ರಾತ್ರಿ ಸುಳ್ಳು ಬರೆದೆವು.
ಡಾಕ್ಟರಿಗೆ ಹೇಳಿದರೆ ಕುರ್ಚಿ ಬಿಟ್ಟು ಏಳುತ್ತಾರೆ,
ಎಸೆದದ್ದರಲ್ಲಿ ಅಲ್ಲ, ಕಟ್ಟಿ ಬರೆದದ್ದರಲ್ಲೇ ಮನುಷ್ಯ ಸಿಗುವುದು ಅಂತ.
ಹೇಳಿಲ್ಲ.
ಮದುವೆ ಮಾಡಿಸಲು ನನಗೂ ಮನಸ್ಸಿದೆ,
ವರನ ಕಡೆಯವರು ಯಾರೂ ಉಳಿದಿಲ್ಲ.

ಒಂದು ನಾಣ್ಯ ಈಗ ರಿಜಿಸ್ಟರಿನ ದಾರದಲ್ಲಿದೆ.
ತೂತಿಗೆ ಕಣ್ಣಿಟ್ಟರೆ ದೇವಗಡದ ದೀಪ ಹಿಡಿಸುತ್ತದೆ,
ಸಮುದ್ರ ಹಿಡಿಸುವುದಿಲ್ಲ.

ಈ ಬೆಳಗು ಐದು ಗಂಟೆ.
ಒಂದು ಮೀಟರು ಹನ್ನೆರಡು, ಏರುತ್ತಿದೆ.
ಇದು ಬಗ್ಗಿ ನೋಡಿ ಬರೆದದ್ದು.