ಐದು, ಖಾಲಿ, ಎರಡು

ನಾನು ಲಾರಿಯವನು. ಕಾಯುವುದೇ ನನ್ನ ಕಸುಬು.
ತುಂಬುವವರು ತುಂಬುವ ತನಕ ಬಾಗಿಲಿಗೆ ಮೊಣಕೈ ಆನಿಸಿ
ಯಂತ್ರಗಳ ಗುಣಾವಗುಣ ಲೆಕ್ಕ ಹಾಕುತ್ತ ಕೂತಿರುತ್ತೇನೆ.
ಪೂರ್ವ ಒಹಾಯೋದ ಈ ಅಂಟುಮಣ್ಣಿನ ಗುಡ್ಡಗಳಲ್ಲಿ
ಮೂವತ್ತು ವರ್ಷ ಹಾಗೆ ಕೂತವನ ಮಾತು, ಬೇಕಾದರೆ ನಂಬಿ.

ಡೋಜರು ದೂಡುವುದರಲ್ಲಿ ಎತ್ತಿದ ಕೈ;
ಎತ್ತು ಅಂದರೆ ಮಾತ್ರ ಅದಕ್ಕೆ ಕೈಯೇ ಇಲ್ಲ.
ಎಕ್ಸ್‌ಕವೇಟರಿಗೆ ನೀಳ ತೋಳು, ಸೊಂಟ ತಿರುಗಿಸುವ ಬೆಡಗು,
ಕೂತಲ್ಲೇ ಕೂತು ಬಡಿಸುವ ಯಜಮಾನಿ.
ಪಾತ್ರೆ ಹೊತ್ತು ಅಂಗಳಕ್ಕೆ ನಡೆ ಅಂದರೆ ಮುನಿಸು.
ಗಾಲಿ ಲೋಡರಿಗೆ ಓಟ ಬೇಕು, ಒಣ ನೆಲ ಬೇಕು;
ಏಪ್ರಿಲ್ ಕೆಸರಲ್ಲಿ ಹೂತರೆ ಎಳೆದು ತೆಗೆಯಲು
ಮತ್ತೊಂದು ಯಂತ್ರ ಬೇಕು.

ವರ್ನಾ ಹ್ರುಷ್ಕಾಳ ಬಳಿ ಇರುವುದು ಒಂದೇ:
ಅವಳಪ್ಪ ಎಮಿಲ್ ಅರವತ್ತೇಳರಲ್ಲಿ ಕೊಂಡ ಚೈನ್ ಲೋಡರ್.
ಹಳದಿ ಬಣ್ಣ ಮೂಲೆಮುಡುಕಿನಲ್ಲಿ ಉಳಿದಿದೆ,
ಸೀಟಿಗೆ ತೇಪೆ ಹಾಕಿದ್ದು ಹಳೆಯ ಜೀನ್ಸ್ ಬಟ್ಟೆ.
ಆಡು ಮುಟ್ಟದ ಸೊಪ್ಪಿಲ್ಲ, ಇದು ಮುಟ್ಟದ ಮಣ್ಣಿಲ್ಲ:
ಅಗೆಯುತ್ತದೆ, ಎತ್ತುತ್ತದೆ, ಎತ್ತಿದ್ದನ್ನು ಹೊತ್ತು ನಡೆಯುತ್ತದೆ,
ಬಕೆಟ್ಟಿನ ದವಡೆ ತೆರೆದರೆ ಬ್ಲೇಡು, ಮುಚ್ಚಿದರೆ ಇಕ್ಕಳ.
ದೂಡಲು ಡೋಜರಿನಷ್ಟಿಲ್ಲ. ಆಳಕ್ಕೆ ಎಕ್ಸ್‌ಕವೇಟರಿನಷ್ಟಿಲ್ಲ.
ಓಟದ ಮಾತು ಬಿಡಿ, ಬಾತುಕೋಳಿ ದಾರಿ ಕೇಳಿ ಮುಂದೆ ಹೋಗುತ್ತದೆ.

"ಯಾವುದರಲ್ಲೂ ಮೊದಲಲ್ಲ ಇದು" ಅಂದೆ ಒಮ್ಮೆ.
"ಮೊದಲಿನವರೆಲ್ಲ ಒಂದೊಂದು ಕೆಲಸ ಮುಗಿಸಿ ಮನೆಗೆ ಹೋದರು,
ಉಳಿದದ್ದು ಯಾರು ಮಾಡಬೇಕು?"
ಅಂದಳು, ಗ್ರೀಸ್ ಗನ್ ಒತ್ತುತ್ತ.

ಪೆಟ್ರಾಕ್‌ರ ಮನೆಯಡಿ ಹಳೆಯ ಕಲ್ಲಿದ್ದಲ ಗಣಿ ಕುಸಿದಿತ್ತು.
ನೆಲಮಾಳಿಗೆಯ ಗೋಡೆ ಬಿರಿದು, ಅಡುಗೆಕಟ್ಟೆಯ ಮೇಲಿಟ್ಟ ಮೊಟ್ಟೆ
ತಾನಾಗಿ ಕಿಟಕಿಯ ಕಡೆ ಉರುಳುತ್ತಿತ್ತು.
ಕೆಡವಲು ದೊಡ್ಡ ಕಂಪನಿ ಬರೆದುಕೊಟ್ಟದ್ದು ಮೂರು ಯಂತ್ರ,
ಮೂರು ಟ್ರೇಲರ್, ಮೂರು ದಿನ.
ಡೊಲೊರೆಸ್ ಪೆಟ್ರಾಕ್ ಆ ಕಾಗದ ಮಡಚಿ
ಅಲುಗುವ ಮೇಜಿನ ಕಾಲಡಿ ಸಿಕ್ಕಿಸಿ ವರ್ನಾಳಿಗೆ ಫೋನ್ ಮಾಡಿದಳು.

ಮೊದಲು ಲೈಲಾಕ್ ಗಿಡ. ಬೇರುಮಣ್ಣಿನ ಸಮೇತ ಕಚ್ಚಿ,
ಬೆಕ್ಕು ಮರಿಯನ್ನು ಒಯ್ಯುವ ಹಾಗೆ
ಬೇಲಿಯಾಚೆ ಇಳಿಸಿತು. ಒಂದು ಹೂವೂ ಉದುರಲಿಲ್ಲ.
ಸುಳ್ಳೇಕೆ, ನಾಲ್ಕು ಗೊಂಚಲು ಉದುರಿದವು.
ಆಮೇಲೆ ವರಾಂಡ. ಆಮೇಲೆ ಚಿಮಣಿ. ಅದೇ ಬಾಯಲ್ಲಿ.
ಎಷ್ಟು ಕೆಸರಾದರೂ ಮೊಸರು ಕಾಣದ ಬಾಯಿ.

ಉತ್ತರದ ಗೋಡೆ ಬಿದ್ದಾಗ ಎಂಜಿನ್ ಸದ್ದು ಇಳಿಯಿತು.
ವರ್ನಾ ಗುಂಡಿಗಿಳಿದಳು.
ಸಿಮೆಂಟ್ ಇಟ್ಟಿಗೆಯ ಹಿಂದಿನ ಜಲ್ಲಿ ಜಾರಿ
ಬೂದು ಜೇಡಿಯ ಬರಿಮೈ ಕಾಣುತ್ತಿತ್ತು,
ಅದರ ಮೇಲೆ ಹಲ್ಲಿನ ಗೀರು: ಐದು, ಖಾಲಿ, ಎರಡು.
ಅದರ ಕೆಳಗೆ ಮತ್ತೆ ಐದು, ಖಾಲಿ, ಎರಡು.
"ಅರವತ್ತೆಂಟು," ಅಂದಳು. "ಆಗ ಒಂದು ಹಲ್ಲು ಮುರಿದಿತ್ತಂತೆ,
ಹೊಸದಕ್ಕೆ ಕಾಸಿರಲಿಲ್ಲ. ನಾನು ಹುಟ್ಟಿದ ಬೇಸಿಗೆ ಅದು."
ಗೀರಿಲ್ಲದ ಏಣಿನ ಮೇಲೆ ಹೆಬ್ಬೆರಳು ಆಡಿಸಿದಳು.

ಗಂಟೆಯ ಲೆಕ್ಕದವನು ನಾನು. ಆದರೂ ಹಾರ್ನ್ ಹೊಡೆಯಲಿಲ್ಲ.

ಮತ್ತೆ ಹತ್ತಿ ಕೂತಳು.
ಮಣ್ಣು ಸುರಿದು, ಸುರಿದದ್ದರ ಮೇಲೆ ಓಡಾಡಿ ತುಳಿದು,
ಮತ್ತೆ ಸುರಿದು,
ಹೊತ್ತು ಇಳಿಯುವಷ್ಟರಲ್ಲಿ ಮನೆಯಿದ್ದಲ್ಲಿ ಒಂದು ಬಯಲು.
ಕೊನೆಗೆ ಬಕೆಟ್ಟನ್ನು ನೆಲಕ್ಕೆ ಚಪ್ಪಟೆ ಒತ್ತಿ
ಹಿಂದೆ ಹಿಂದೆ ಬಂದಳು,
ಚೈನಿನ ಪಟ್ಟೆ ಮೂಡಿದ ಹಾಗೆಲ್ಲ ಒರೆಸುತ್ತ,
ಗೇಟಿನವರೆಗೆ, ರಸ್ತೆಯವರೆಗೆ,
ನನ್ನ ಟ್ರೇಲರಿನ ಅಂಚಿನವರೆಗೆ.

ಬಿಲ್ಲು ಒಂದೇ, ಪೆನ್ಸಿಲಿನಲ್ಲಿ ಬರೆದದ್ದು.
ಅದರಲ್ಲಿ ಲೈಲಾಕಿನ ಲೆಕ್ಕ ಇರಲಿಲ್ಲ.