ಅನುಭವ: ಸೊನ್ನೆ

ಅರ್ಜಿಯ ಏಳನೇ ಕಾಲಮ್ಮು ಕೇಳಿತು:
ಕೃಷಿಯಲ್ಲಿ ಅನುಭವ, ಎಷ್ಟು ವರ್ಷ?
ಸೊನ್ನೆ ಬರೆದೆ.
ಬರೆದ ಮೇಲೆ ಅದು ತೀರಾ ದುಂಡಗೆ ಕಂಡಿತು,
ಯಾರ ಕೈಯನ್ನೂ ದಾಟದ ನಾಣ್ಯದ ಹಾಗೆ.

ಹತ್ತೊಂಬತ್ತು ವರ್ಷ
ವಿರಾಜಪೇಟೆ, ಮೂರ್ನಾಡು, ಮಡಿಕೇರಿ,
ಮತ್ತೆ ಮಡಿಕೇರಿ, ಮೂರ್ನಾಡು, ವಿರಾಜಪೇಟೆ.
ಮೆಣಸಿನ ಮೂಟೆಗೆ ಲಗೇಜು ಟಿಕೆಟ್ ಹರಿದವಳು ನಾನು.
ಅದು ಎಷ್ಟು ತೂಗುತ್ತದೆಂದು ಗೊತ್ತಿತ್ತು,
ಮರ ಹೇಗೆ ಹತ್ತುತ್ತದೆಂದು ಗೊತ್ತಿರಲಿಲ್ಲ.

ಪಿ.ಎಫ್. ದುಡ್ಡಿಗೆ ಪೊನ್ನಂಪೇಟೆಯ ಆಚೆ
ಸಿಕ್ಕಿದ್ದು ಮುಕ್ಕಾಲು ಎಕರೆ:
ಮೂವತ್ತು ಸಿಲ್ವರ್ ಮರ, ಮುರಿದ ಬೇಲಿ,
ಆನೆ ತಿಂದು ಬಿಟ್ಟ ಬಾಳೆಯ ಒಂದು ಬುಡ.
ಅಕ್ಕಪಕ್ಕದವರು ಕೇಳಿದರು, ಕಾಫಿ ಹಾಕ್ತೀರಾ?
ಹೂಂ ಅಂದೆ. ಮೆಣಸು ಹಾಕ್ತೀರಾ?
ಅದಕ್ಕೂ ಹೂಂ.

ತರಬೇತಿ ಮೂರು ದಿನ, ಗೋಣಿಕೊಪ್ಪದಲ್ಲಿ.
ಬಿದ್ದಪ್ಪ ಸರ್ ಗೋಡೆಗೆ ಬಿಟ್ಟ ಚಿತ್ರದಲ್ಲಿ
ಬಳ್ಳಿಯೊಂದು ಸೊರಗಿ ಸೊರಗಿ
ಮುಂದಿನ ಚಿತ್ರಕ್ಕೆ ಸತ್ತೇ ಹೋಯಿತು.
ಒಳ್ಳೆಯ ಮನುಷ್ಯ. ಕೇಳಿದ್ದಕ್ಕೆಲ್ಲ ಉತ್ತರ.
ಏನು ಕೇಳಬೇಕೆಂದು ನನಗೆ ಗೊತ್ತಿದ್ದರೆ ತಾನೆ!
ಊಟಕ್ಕೆ ಮೊಟ್ಟೆ ಇತ್ತು. ಪೆನ್ನು ಕೊಟ್ಟರು, ಚೀಲ ಕೊಟ್ಟರು,
ಪ್ರಮಾಣಪತ್ರದಲ್ಲಿ ಚೋಂದಮ್ಮನ ಬದಲು
ಚಂದಮ್ಮ ಅಂತ ಇತ್ತು.
ಇರಲಿ, ಕಲಿತವಳು ಅವಳೇ ಇರಬೇಕು.

ಮೇ ಕೊನೆ. ಮೋಡ ಬ್ರಹ್ಮಗಿರಿಯ ಹೆಗಲಿಗೆ ಬಂದಿತ್ತು.
ನೋಟ್ಸ್ ಬುಕ್ಕು ಕಲ್ಲಿನ ಮೇಲಿಟ್ಟು
ಮೈಲುತುತ್ತದ ನೀಲಿ ನೀರಿಗೆ ಸುಣ್ಣ ಸುರಿಯುತ್ತಿದ್ದೆ.
ದಾರಿಯಲ್ಲಿ ಹೋಗುತ್ತಿದ್ದ ಮಾಚಿ ನಿಂತಳು.
ಪಕ್ಕದ ಎಸ್ಟೇಟಿನ ಕೂಲಿ,
ತಲೆಯ ಮೇಲೆ ಸೌದೆ, ಬಾಯಲ್ಲಿ ಎಲೆ.
"ಕಂಡಕ್ಟರಮ್ಮ, ತಿರುಗಾಮುರುಗಾ.
ಸುಣ್ಣಕ್ಕೆ ತುತ್ತ ಹೊಯ್ಯಿ. ಮೆಲ್ಲಗೆ."
ಸೌದೆ ಇಳಿಸಿದಳು. ಸೊಂಟದ ಕತ್ತಿ ತೆಗೆದು
ಡ್ರಮ್ಮಿನಲ್ಲಿ ಅದ್ದಿದಳು, ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಎತ್ತಿದಾಗ ಅಂಚಿನಲ್ಲಿ ಕೆಂಪು.
"ಇದು ಬಳ್ಳಿ ಸುಡ್ತದೆ. ಇನ್ನೂ ಸುಣ್ಣ."
ಹಾಕಿದೆ. ಮತ್ತೆ ಅದ್ದಿದಳು.
ಕತ್ತಿ ಹೋದ ಹಾಗೇ ಬಂತು.
"ಈಗ ರೈಟ್."

ಆ ಪದ ಹತ್ತೊಂಬತ್ತು ವರ್ಷ ನನ್ನದಾಗಿತ್ತು.
ಅದರಿಂದ ಬಸ್ಸು ಹೊರಡುತ್ತದೆ ಎಂದಷ್ಟೇ ನಾನು ತಿಳಿದಿದ್ದೆ.

ಮುಂದಿನ ಶಿಬಿರಕ್ಕೆ ಅವಳನ್ನೂ ಕರೆದುಕೊಂಡು ಹೋದೆ.
ಅರ್ಜಿ ಕೇಳಿತು: ಸರ್ವೆ ನಂಬರು? ಪಹಣಿ?
ಮಾಚಿ ನನ್ನ ಮುಖ ನೋಡಿದಳು, ನಾನು ಫ್ಯಾನು ನೋಡಿದೆ.
"ಅನುಭವ ಎಷ್ಟು?" ಬಿದ್ದಪ್ಪ ಸರ್ ಕೇಳಿದರು.
"ಹಾಲು ಹಲ್ಲು ಬಿದ್ದ ವರ್ಷದಿಂದ."
ಅದನ್ನು ತುಂಬಲು ಜಾಗವಿತ್ತು. ಪಹಣಿಗೂ ಜಾಗವಿತ್ತು.
ಮೊದಲನೆಯದು ಇದ್ದವಳಿಗೆ ಎರಡನೆಯದಿಲ್ಲ,
ಎರಡನೆಯದು ಇದ್ದ ನನಗೆ ಮೊದಲನೆಯದು ಸೊನ್ನೆ.

ಸರ್ ತಲೆ ಕೆರೆದರು.
"ಫಲಾನುಭವಿ ಅಂತ ಆಗಲ್ಲ.
ಸಂಪನ್ಮೂಲ ವ್ಯಕ್ತಿ ಅಂತ ಬರೀಬಹುದು.
ದಿನಕ್ಕೆ ಆರುನೂರು. ಬಿಲ್ಲು ತಡ ಆಗ್ತದೆ."
ಮಾಚಿ: "ತಡವಾದ್ರೆ ಆ ದಿನದ ಅಕ್ಕಿ?"
ಅದಕ್ಕೆ ಇಬ್ಬರಲ್ಲೂ ಉತ್ತರವಿರಲಿಲ್ಲ.
ಕೊನೆಗೆ ನಾನೇ ಪರ್ಸು ತೆಗೆದೆ,
ಸರ್ ಅರ್ಧಕ್ಕೆ ಕೈ ಹಿಡಿದು, ಅರ್ಧ ನನ್ನದು ಅಂದರು.

ಅಂಗಳದಲ್ಲಿ ಇಪ್ಪತ್ತೆಂಟು ಮಂದಿ ಹೊಸಬರು:
ರಿಟೈರಾದ ಹವಾಲ್ದಾರ್, ಟೈಲರ್ ನಫೀಸಾ,
ಮೂಗು ಚುಚ್ಚಿದ ಹುಡುಗ ಒಬ್ಬ.
ಮಾಚಿ ಎರಡು ಗೆಣ್ಣಿನ ಬಳ್ಳಿ ಕತ್ತರಿಸಿ ತೋರಿಸಿದಳು.
ಜೋರಾಗಿ ಮಾತಾಡಿ ಅಂದರು ಹಿಂದಿನವರು.
ಹತ್ತಿರ ಬನ್ನಿ ಅಂದಳು.

ನಮ್ಮಲ್ಲಿ ನಲವತ್ತೆರಡು ಚೀಲ,
ಹದಿನೇಳರಲ್ಲಿ ಎಲೆ.
ಉಳಿದವುಗಳಲ್ಲಿ ಒಂದರ ಕಡೆ ನಾನು ಕೈ ಚಾಚಿದ್ದೆ,
"ಎಳೀಬೇಡಿ," ಅಂದಳು.
"ಬೇರು ಬಂತಾ ಅಂತ ಎಳೆದ್ರೆ
ಬಂದದ್ದೂ ಹೋಗ್ತದೆ."
ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ.
ಮಳೆ ಶುರುವಾಯಿತು.
ಬಿಲ್ಲು ಇನ್ನೂ ಪಾಸಾಗಿಲ್ಲ.